‘ಯಾರ ಮನೆ?’ ಅಂತ ಕೇಳದವರ ಕೈಗೆ ಬೀಗ ಕೊಡಬೇಡಿ

ಹಾಸ್ಟೆಲ್ ಬಿಟ್ಟು ಹೊರಗೆ ಮನೆ ಮಾಡಬೇಕು ಅಂತಿರೋ ಜೂನಿಯರ್‌ಗಳು ಕೇಳೋ ಪ್ರಶ್ನೆಗಳು ನಮಗೆ ಬಾಯಿಪಾಠ ಆಗಿವೆ. ಅಡ್ವಾನ್ಸ್ ಎಷ್ಟು, ನೀರು ಸರಿಯಾಗಿ ಬರುತ್ತಾ, ವೈಫೈ ಯಾವುದು, ಮೆಸ್ ಎಲ್ಲಿದೆ. ಬೀಗ ಕೈಕೊಟ್ಟರೆ ಯಾರನ್ನ ಕರೀಬೇಕು ಅಂತ ಒಬ್ಬರೂ ಕೇಳಲ್ಲ. ನಾವೂ ಕೇಳಿರಲಿಲ್ಲ. ಆ ತಪ್ಪಿಗೆ 2,200 ರೂಪಾಯಿ ದಂಡ ಕಟ್ಟಿದೀವಿ. ಹಾಗಾಗಿ ಈ ವಿಷಯದಲ್ಲಿ ಬಾಯಿಬಿಡೋ ಹಕ್ಕು ನಮಗಿದೆ.

ಮೈಸೂರಿನ ಗೋಕುಲಂ ಕಡೆ ಒಂದು ಮನೆಯ ಮಹಡಿಯಲ್ಲಿ ನಾವು ನಾಲ್ಕು ಜನ ಇದೀವಿ. ಕಳೆದ ಸೆಮಿಸ್ಟರ್, ಸೆಕೆಂಡ್ ಇಂಟರ್ನಲ್ಸ್ ಹಿಂದಿನ ರಾತ್ರಿ, ಊಟ ಮುಗಿಸಿ ಬಂದಾಗ ಹತ್ತೂವರೆ. ಎಳೆದರೆ ತಾನಾಗೇ ಲಾಕ್ ಆಗೋ ಬಾಗಿಲು. ಒಂದು ಕೀ ಒಳಗೆ ಟೇಬಲ್ ಮೇಲೆ. ಇನ್ನೊಂದು, ಅಜ್ಜಿಗೆ ಹುಷಾರಿಲ್ಲ ಅಂತ ಗದಗಕ್ಕೆ ಹೋಗಿದ್ದ ನಮ್ಮ ರೂಮ್‌ಮೇಟ್ ಜೇಬಲ್ಲಿ. ಫೋನ್ ಮಾಡಿದರೆ ‘ಕೀಲಿಕೈ ನನ್ನ ಕಡೆನ ಐತಲೋ’ ಅಂತ ನಗ್ತಾನೆ. ಕೆಳಗಿನ ಮನೆಯ ಓನರ್ ಆಂಟಿ ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದರು. ನೋಟ್ಸ್, ಲ್ಯಾಪ್‌ಟಾಪ್ ಎಲ್ಲಾ ಒಳಗೆ.

ನೆಟ್ಟಲ್ಲಿ ಹುಡುಕಿ ಮೊದಲು ಸಿಕ್ಕ ನಂಬರಿಗೆ ಫೋನ್ ಮಾಡಿದ್ವಿ. ‘300 ರೂಪಾಯಿಂದ ಶುರು ಸರ್, ಅರ್ಧ ಗಂಟೇಲಿ ಬರ್ತೀವಿ’ ಅಂದರು. ‘ಶುರು’ ಅನ್ನೋ ಪದ ನಮ್ಮ ಕಿವಿಗೆ ಬೀಳಲೇ ಇಲ್ಲ. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಬೈಕಲ್ಲಿ ಇಬ್ಬರು ಬಂದರು. ಒಂದು ನಿಮಿಷ ಬಾಗಿಲು ನೋಡಿ ಸೀದಾ ಡ್ರಿಲ್ ತೆಗೆದರು. ಐದು ನಿಮಿಷದಲ್ಲಿ ಬಾಗಿಲು ತೆಗೀತು, ಲಾಕ್ ಗುಜರಿಗೆ ಹೋಯ್ತು. ನೈಟ್ ಚಾರ್ಜು, ವಿಸಿಟ್ ಚಾರ್ಜು, ಡ್ರಿಲ್ ಚಾರ್ಜು ಎಲ್ಲಾ ಸೇರಿ 2,800! ಚೌಕಾಸಿ ಮಾಡಿ 2,200ಕ್ಕೆ ಇಳಿಸಿದ್ದನ್ನೇ ದೊಡ್ಡ ಗೆಲುವು ಅಂದ್ಕೊಂಡು ಓದೋಕೆ ಕೂತ್ವಿ. ಹೊಸ ಲಾಕಿನ ದುಡ್ಡು ಬೇರೆ.

ಎರಡು ದಿನ ಬಿಟ್ಟು ಆಂಟಿ ಬಂದರು. ದುಡ್ಡಿನ ಕಥೆಯನ್ನೆಲ್ಲ ಹೇಳಿಕೊಂಡು ಅತ್ತಿದ್ದಾಯ್ತು. ಅವರು ಕೇಳಿದ್ದು ಒಂದೇ: ‘ಅದಿರ್ಲಿ ಕಣ್ರಪ್ಪಾ, ಇದು ನಿಮ್ಮನೇನಾ ಅಂತ ಅವರು ಕೇಳಿದ್ರಾ?’

ಕೇಳಿರಲಿಲ್ಲ. ನಮ್ಮ ಹೆಸರೂ ಕೇಳಿರಲಿಲ್ಲ. ರಾತ್ರಿ ಹನ್ನೆರಡರ ಹೊತ್ತಿಗೆ ಮೂವರು ಹುಡುಗರು ಒಂದು ಮುಚ್ಚಿದ ಬಾಗಿಲು ತೋರಿಸಿ ತೆಗೀರಿ ಅಂದರು, ಅವರು ತೆಗೆದರು. ಆ ಮೂವರು ನಾವಾಗಿದ್ದೆವು ಅನ್ನೋದು ಆಂಟಿಯ ಅದೃಷ್ಟ. ನಾಳೆ ಬೇರೆ ಯಾರೋ ಮೂವರು ಇದೇ ಬಾಗಿಲು ತೋರಿಸಿದ್ರೂ ತೆಗೀತಾರೆ.

ಬೀಗದ ಒಳಗೆ ನಡೆಯೋದರಲ್ಲಿ ದೊಡ್ಡ ರಹಸ್ಯ ಏನಿಲ್ಲ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ತಗೊಂಡ ಪಿನ್ ಟಂಬ್ಲರ್ ಲಾಕಿನ ತತ್ವವೇ ಇವತ್ತಿಗೂ ಎಷ್ಟೋ ಬಾಗಿಲುಗಳಲ್ಲಿದೆ. ಕೀಯ ಹಲ್ಲುಗಳು ಒಳಗಿನ ಪಿನ್‌ಗಳನ್ನ ಬೇರೆ ಬೇರೆ ಎತ್ತರಕ್ಕೆ ಎತ್ತುತ್ತವೆ, ಎಲ್ಲಾ ಪಿನ್‌ಗಳ ಸೀಳು ಒಂದೇ ಗೆರೆಗೆ ಬಂದಾಗ ಸಿಲಿಂಡರ್ ತಿರುಗುತ್ತೆ. ಇದನ್ನ ಕೀ ಇಲ್ಲದೆ ಮಾಡೋ ಕೈಚಳಕ ಬೀಗ ರಿಪೇರಿಯವರಿಗೂ ಒಂದೇ, ಕಳ್ಳನಿಗೂ ಒಂದೇ. ಹಾಗಾಗಿ ‘ಕೆಲಸ ಬರುತ್ತಾ’ ಅನ್ನೋದು ಎರಡನೇ ಪ್ರಶ್ನೆ. ತೆಗೆಯೋಕೆ ಮುಂಚೆ ‘ಯಾರದು’ ಅಂತ ಕೇಳ್ತಾರಾ ಅನ್ನೋದೇ ಮೊದಲನೆಯದು.

ಇದು ನಮಗೆ ಅರ್ಥ ಆಗಿದ್ದು ಮಾತ್ರ ಒಂದು ತಿಂಗಳು ಬಿಟ್ಟು, ಆಂಟಿಯ ಹಳೇ ಕಬ್ಬಿಣದ ಬೀರುವಿನ ಕೀ ಕಳೆದಾಗ. ಅದರಲ್ಲಿ ನಮ್ಮ ಮಾರ್ಕ್ಸ್ ಕಾರ್ಡುಗಳಿದ್ದವು. ಬಸ್ ಸ್ಟಾಪ್ ಪಕ್ಕ ಮರದ ಕೆಳಗೆ ಕಪ್ಪು ಛತ್ರಿ ಬಿಚ್ಚಿಕೊಂಡು ಕೂರೋ ಕೀ ತಾತನ ಹತ್ರ ಹೋದ್ವಿ. ದಿನಾ ಅವರ ಮುಂದೇನೇ ಕಾಲೇಜಿಗೆ ಹೋಗ್ತಿದ್ವಿ, ಒಂದು ಸಲವೂ ಮಾತಾಡಿಸಿರಲಿಲ್ಲ.

‘ಬೀರು ಯಾರದು?’

‘ಓನರ್ದು.’

‘ಓನರಿಗೆ ಫೋನ್ ಹಾಕಿ, ನಾನು ಮಾತಾಡ್ತೀನಿ.’

ಕಾಲೇಜ್ ಐಡಿ ತೋರಿಸಿದ್ವಿ. ತಿರುಗಿಸಿ ಮುರುಗಿಸಿ ನೋಡಿ, ‘ಇದರಲ್ಲಿ ಕಾಲೇಜ್ ಹೆಸರಿದೆ, ಬೀರು ವಿಷಯ ಇಲ್ವಲ್ಲಪ್ಪಾ’ ಅಂದರು. ನಮ್ಮಲ್ಲೊಬ್ಬನಿಗೆ ಸಿಟ್ಟು ಬಂತು. ‘ನಾವು ಕಳ್ಳರ ಥರ ಕಾಣ್ತೀವಾ ತಾತಾ?’

‘ಕಳ್ಳರು ಕಳ್ಳರ ಥರಾನೇ ಕಂಡಿದ್ರೆ ಪೊಲೀಸ್ನೋರಿಗೆ ಏನು ಕೆಲಸ ಇರ್ತಿತ್ತು?’

ಆಂಟಿ ಜೊತೆ ಮಾತಾಡಿದ ಮೇಲೇ ಎದ್ದು ಬಂದರು. 250 ಆಗುತ್ತೆ ಅಂತ ದಾರೀಲೇ ಹೇಳಿದರು, ಕೊನೆಗೂ ಅಷ್ಟೇ ತಗೊಂಡರು. ಹಲ್ಲಿಲ್ಲದ ಖಾಲಿ ಕೀಯನ್ನ ಬೀಗದೊಳಗೆ ಹಾಕಿ ಒತ್ತಿ ತಿರುಗಿಸೋದು, ಹೊರಗೆ ತೆಗೆದು ಕಿಟಕಿ ಬೆಳಕಲ್ಲಿ ಅದರ ಮೇಲೆ ಬಿದ್ದ ಗುರುತು ನೋಡೋದು, ಅಷ್ಟು ಜಾಗವನ್ನ ಮಾತ್ರ ಅರದಿಂದ ಉಜ್ಜೋದು, ಮತ್ತೆ ಹಾಕೋದು. (ಅರ ಅಂದ್ರೆ ಫೈಲ್ ಅಂತ ನಮಗೆ ಅವತ್ತೇ ಗೊತ್ತಾಗಿದ್ದು. ಫಸ್ಟ್ ಇಯರ್ ಫಿಟ್ಟಿಂಗ್ ಲ್ಯಾಬಲ್ಲಿ ಅದನ್ನ ಹಿಡ್ಕೊಂಡು ಒಂದು ವಿ ಜಾಯಿಂಟ್ ಮಾಡೋಕೆ ಮೂರು ವಾರ ಒದ್ದಾಡಿದ ನಾವು, ಈ ತಾತನ ಮುಂದೆ ಬಾಯಿ ಮುಚ್ಕೊಂಡು ನಿಂತಿದ್ವಿ.) ಇಪ್ಪತ್ತೈದು ನಿಮಿಷಕ್ಕೆ ಬೀರು ತೆಗೀತು, ಬೀಗಕ್ಕೆ ಏನೂ ಆಗಿರಲಿಲ್ಲ. ಮಧ್ಯೆ ಕೆಟ್ಟುಹೋಗಿದ್ದ ಅರ್ಧ ಉಜ್ಜಿದ ಕೀಯನ್ನೂ ನಮ್ಮ ಕೈಗೇ ಕೊಟ್ಟು, ‘ಇದನ್ನ ಯಾರ ಹತ್ರಾನೂ ಬಿಡಬೇಡಿ’ ಅಂದರು.

ಬೀರು ರಿಪೇರಿ ನೆಪದಲ್ಲಿ ಮನೆಯೊಳಗೆ ಬಂದು ಒಡವೆ ಎತ್ಕೊಂಡು ಹೋದವರ ಸುದ್ದಿ ಪೇಪರಲ್ಲಿ ಆಗಾಗ ಬರುತ್ತೆ. ಬೀದಿಯಲ್ಲಿ ಕೂಗ್ಕೊಂಡು ಬಂದವರನ್ನ ಒಳಗೆ ಕರೆದು, ಕೆಲಸ ಮುಗಿಯೋವರೆಗೂ ಅವರ ಪಕ್ಕ ನಿಲ್ಲದೆ ಕಾಫಿ ಮಾಡೋಕೆ ಹೋದರೆ ಆಗೋದೇ ಅದು. ಮರದ ಕೆಳಗಿನ ತಾತ ಹಾಗೆ ಮಾಡಿ ನಾಳೆ ಎಲ್ಲಿ ಕೂರ್ತಾರೆ? ಪಕ್ಕದ ಹಾರ್ಡ್‌ವೇರ್ ಅಂಗಡಿಯವರಿಗೆ, ಆಟೋ ಸ್ಟ್ಯಾಂಡಿನವರಿಗೆ ಎಲ್ಲರಿಗೂ ಅವರ ಮುಖ ಗೊತ್ತು. ನಮಗೆ ಆ ರಾತ್ರಿ ಸಿಕ್ಕಿದ ನಂಬರಿಗೆ ಅಂಗಡಿ ಅಂತಾನೇ ಇರಲಿಲ್ಲ. ಸ್ಟಾರ್ ಬೇಕಾದಷ್ಟಿತ್ತು.

ನಮ್ಮಲ್ಲೊಬ್ಬ ಇದನ್ನ ಒಪ್ಪಲ್ಲ. ‘ನಿಮ್ಮ ತಾತ ಏಳು ಗಂಟೆಗೆ ಛತ್ರಿ ಮಡಚಿ ಮನೆಗೆ ಹೋಗ್ತಾರೆ, ಮಧ್ಯರಾತ್ರಿ ಬಂದವರು ಆ ಇಬ್ಬರೇ’ ಅಂತಾನೆ. ಅದು ನಿಜ, ಆ ಹೊತ್ತಲ್ಲಿ ಬಂದಿದ್ದಕ್ಕೆ ಜಾಸ್ತಿ ದುಡ್ಡು ಕೇಳೋದೂ ತಪ್ಪಲ್ಲ. ಆದರೆ ಅದನ್ನ ಫೋನಲ್ಲೇ ಹೇಳಬೇಕಿತ್ತು, ಡ್ರಿಲ್ ಹಾಕೋ ಮುಂಚೆ ಬೇರೆ ದಾರಿ ಇದೆಯಾ ಅಂತ ನೋಡಬೇಕಿತ್ತು. ನಾವೂ ಕೇಳಬೇಕಿತ್ತು: ಎಲ್ಲಾ ಸೇರಿ ಎಷ್ಟು, ಲಾಕ್ ಉಳಿಯುತ್ತಾ, ನಿಮ್ಮ ಅಂಗಡಿ ಎಲ್ಲಿ? ಈ ಮೂರು ಕೇಳೋಕೆ ಒಂದು ನಿಮಿಷ ಸಾಕು. ಆದರೆ ಹತ್ತೂವರೆ ರಾತ್ರಿಗೆ, ನಾಳೆ ಇಂಟರ್ನಲ್ಸ್ ಇರುವಾಗ ಅದು ಯಾರಿಗೂ ಹೊಳೆಯಲ್ಲ. ಅದಕ್ಕೇ ಬೀಗದವರನ್ನ ಹುಡುಕಬೇಕಾಗಿರೋದು ಬಾಗಿಲು ತೆರೆದಿರುವಾಗ. ಒಂದು ಡೂಪ್ಲಿಕೇಟ್ ಮಾಡಿಸೋ ನೆಪದಲ್ಲಿ ಹೋಗಿ ಮಾತಾಡಿಸಿ. ಒರಿಜಿನಲ್ ಕೀನೇ ಕೊಡಿ. ಡೂಪ್ಲಿಕೇಟಿಗೆ ಡೂಪ್ಲಿಕೇಟ್ ಮಾಡಿಸಿದರೆ ಎರಡರ ಎರರ್ ಕೂಡಿಕೊಂಡು ಮೂರನೇ ಕೀ ಸಿಕ್ಕಿಹಾಕಿಕೊಳ್ಳುತ್ತೆ.

ನಾವೀಗ ಇನ್ನೊಂದು ಕೀ ಮಾಡಿಸಿ ಕಾಲೇಜಿನ ಹತ್ರಾನೇ ಮನೆ ಇರೋ ಕ್ಲಾಸ್‌ಮೇಟ್ ಹತ್ರ ಇಟ್ಟಿದೀವಿ. ಹಾಗೆ ಇಡಬಹುದಾ ಅಂತ ಮೊದಲು ಆಂಟಿನ ಕೇಳಿದ್ವಿ. ತಾತ ಆ ಕೀ ಉಜ್ಜೋ ಮುಂಚೆ ಮತ್ತೆ ಕೇಳಿದರು, ‘ಯಾರ ಮನೇದು?’ ಈ ಸಲ ಯಾರಿಗೂ ಸಿಟ್ಟು ಬರಲಿಲ್ಲ.