ಸಾಹುಕಾರರು ಬರಲಿ, ಗುತ್ತಿಗೆಯನ್ನು ಹೊಸ್ತಿಲಾಚೆ ಬಿಟ್ಟು ಬರಲಿ

ರಾಜಕಾರಣಿಗಳಿಂದ ಊರು ಕೆಟ್ಟಿತು, ಇನ್ನು ಉದ್ಯಮಿಗಳ ಕೈಗೆ ಒಪ್ಪಿಸಿದಲ್ಲದೆ ಅದು ಸುಧಾರಿಸದು ಎಂಬ ವಾದವು ಈಚೆಗೆ ನಮ್ಮ ನಾಡಿನ ವಿದ್ಯಾವಂತ ವರ್ಗದಲ್ಲಿ ಬಲವಾಗುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ನಗರಪಾಲಿಕೆಗಳಾಗಿ ವಿಭಕ್ತವಾದುದು, ಅದರ ಬೆನ್ನಿಗೇ ಕಿರಣ್ ಮಜುಂದಾರ್ ಶಾ ಅವರಂಥ ಉದ್ಯಮಪತಿಗಳು ರಸ್ತೆಗುಂಡಿ ಮತ್ತು ಕಸದ ವಿಷಯದಲ್ಲಿ ಸರ್ಕಾರವನ್ನು ಬಹಿರಂಗವಾಗಿ ಆಕ್ಷೇಪಿಸಿದುದು, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರರು ಅದಕ್ಕೆ ಖಾರವಾಗಿಯೇ ಪ್ರತ್ಯುತ್ತರವಿತ್ತುದು, ಇವೆಲ್ಲ ಸೇರಿ, ಆಕ್ಷೇಪಿಸುವವರೇ ಮಹಾಪೌರರಾಗಿ ಕೆಲಸ ಮಾಡಿ ತೋರಿಸಬಾರದೇಕೆ ಎಂಬ ಪ್ರಶ್ನೆಗೆ ಎಡೆಮಾಡಿಕೊಟ್ಟಿವೆ. ರಾಜಧಾನಿಯಲ್ಲಿ ಹುಟ್ಟಿದ ಮಾತು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಂಥ ತಾಲ್ಲೂಕು ಕೇಂದ್ರಗಳನ್ನು ತಲಪುವಷ್ಟರಲ್ಲಿ ವೇಷವನ್ನು ಬದಲಿಸಿಕೊಂಡಿರುತ್ತದೆ. ಅಲ್ಲಿ ಸಾಫ್ಟ್‌ವೇರ್ ಕಂಪನಿಯ ಒಡೆಯರಿರುವೆಡೆಯಲ್ಲಿ ಇಲ್ಲಿ ಅಡತಿ ಅಂಗಡಿಯ, ದಾಲ್ ಮಿಲ್ಲಿನ, ಲೇಔಟಿನ ಸಾಹುಕಾರರು ಕಾಣಿಸಿಕೊಳ್ಳುತ್ತಾರೆ. ಅವರು ಪುರಸಭೆಯ ಗಾದಿಯ ಮೇಲೆ ಕುಳಿತರೆ ಊರು ನೇರ್ಪಾಗುವುದೆಂಬ ಭರವಸೆಯನ್ನು ಜನರೂ ಆಡಿಕೊಳ್ಳುತ್ತಾರೆ.

ಈ ವಾದದಲ್ಲಿ ಹುರುಳಿಲ್ಲವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ವ್ಯಾಪಾರಿಗೆ ಲೆಕ್ಕ ಗೊತ್ತು, ಕಾಲದ ಬೆಲೆ ಗೊತ್ತು, ಕೆಲಸಗಾರನಿಂದ ಕೆಲಸ ತೆಗೆಯುವ ಬಗೆ ಗೊತ್ತು. ಕಲಬುರಗಿಯ ತೊಗರಿಯು 2019ರಲ್ಲಿ ಭೌಗೋಳಿಕ ಗುರುತನ್ನು ಪಡೆಯುವಷ್ಟು ಹೆಸರು ಗಳಿಸಿದ್ದರೆ ಅದರಲ್ಲಿ ರೈತನ ಬೆವರಿನೊಡನೆ ವ್ಯಾಪಾರಿಯ ಜಾಣ್ಮೆಯೂ ಉಂಟು. ಅಂಥ ಜಾಣ್ಮೆಯು ಸಾರ್ವಜನಿಕ ಕಾರ್ಯಕ್ಕೆ ಒದಗಿದರೆ ಬೇಡವೆನ್ನುವವರು ಯಾರು? ಆದರೆ ಯೋಗ್ಯ ಮನುಷ್ಯನೊಬ್ಬನನ್ನು ಹುಡುಕಿ ಪೀಠದ ಮೇಲೆ ಕೂರಿಸುವ ಮುನ್ನ, ಆ ಪೀಠಕ್ಕೆ ಕಾಲುಗಳಿವೆಯೇ ಎಂಬುದನ್ನು ನೋಡಬೇಕಷ್ಟೆ.

ನಮ್ಮ ರಾಜ್ಯದಲ್ಲಿ ಯಾರೊಬ್ಬರೂ ಮೇಯರ್ ಸ್ಥಾನಕ್ಕಾಗಿ ನೇರವಾಗಿ ಜನರ ಮುಂದೆ ನಿಲ್ಲಲಾರರು. ಉತ್ತರ ಪ್ರದೇಶದಲ್ಲಿ ನಗರದ ಮತದಾರರೇ ಮಹಾಪೌರರನ್ನು ಐದು ವರ್ಷಗಳಿಗೆ ಆರಿಸುತ್ತಾರೆ. ಇಲ್ಲಿ ಪಾಲಿಕೆಯ ಸದಸ್ಯರೂ ಅವರೊಡನೆ ಶಾಸಕರೂ ಸಂಸದರೂ ಕೂಡಿ ಆರಿಸುತ್ತಾರೆ. 1976ರ ಪಾಲಿಕೆ ಕಾಯಿದೆಯಂತೆ ಆ ಅಧಿಕಾರದ ಆಯುಷ್ಯ ಒಂದೇ ವರ್ಷ. ಬೆಂಗಳೂರಿನ ಮಹಾಪೌರರಿಗೆ 2020ರ ಕಾಯಿದೆಯು ಮೂವತ್ತು ತಿಂಗಳನ್ನು ಕೊಟ್ಟಿತು. ಕಲಬುರಗಿಗೆ ಆ ಭಾಗ್ಯವಿಲ್ಲ. 55 ವಾರ್ಡುಗಳ ಕಲಬುರಗಿ ಪಾಲಿಕೆಗೆ 2021ರ ಸೆಪ್ಟೆಂಬರಿನಲ್ಲಿ ಚುನಾವಣೆಯಾಯಿತು. ಕಾಂಗ್ರೆಸ್ಸಿಗೆ 27, ಭಾರತೀಯ ಜನತಾ ಪಕ್ಷಕ್ಕೆ 23, ಜನತಾದಳಕ್ಕೆ 4 ಸ್ಥಾನಗಳು ಬಂದುವು, ಒಬ್ಬರು ಪಕ್ಷೇತರರು ಗೆದ್ದರು. ಆದರೆ ವಿಧಾನ ಪರಿಷತ್ತಿನ ಯಾವ ಯಾವ ಸದಸ್ಯರಿಗೆ ಮತವುಂಟು ಎಂಬ ವ್ಯಾಜ್ಯವೂ ಮೀಸಲಾತಿಯ ಗೊಂದಲವೂ ಸೇರಿ, ಮಹಾಪೌರರ ಆಯ್ಕೆಯಾಗುವ ಹೊತ್ತಿಗೆ 2023ರ ಮಾರ್ಚ್ ತಿಂಗಳು ಬಂದಿತ್ತು. ಒಂದೇ ಮತದ ಅಂತರದಲ್ಲಿ ಬಿ.ಜೆ.ಪಿ.ಯವರು ಗೆದ್ದರು. ಜನರು ಮತ ಹಾಕಿದ ಒಂದೂವರೆ ವರ್ಷದ ಮೇಲೆ ಒಂದು ವರ್ಷದ ಅಧಿಕಾರ! ಇಂಥ ಅವಧಿಯಲ್ಲಿ ಯಾವ ಉದ್ಯಮಧುರೀಣನಾದರೂ ಸಾಧಿಸತಕ್ಕದ್ದು ಏನು? ತನ್ನ ಕಾರ್ಖಾನೆಗೆ ವರ್ಷಕ್ಕೊಬ್ಬ ವ್ಯವಸ್ಥಾಪಕನನ್ನು ಆತನೇ ಒಪ್ಪಿಯಾನೆ?

ಪುರಸಭೆಗಳ ಪಾಡೂ ಇದಕ್ಕಿಂತ ಮೇಲಲ್ಲ. 1964ರ ಕಾಯಿದೆಯ ಮೇರೆಗೆ ಅಧ್ಯಕ್ಷರ ಅವಧಿ ಮೂವತ್ತು ತಿಂಗಳೆಂದಿದ್ದರೂ, 2018ರ ಆಗಸ್ಟಿನಲ್ಲಿ ಚುನಾವಣೆ ಕಂಡ ರಾಜ್ಯದ ನೂರಕ್ಕೂ ಹೆಚ್ಚು ನಗರಸಂಸ್ಥೆಗಳಲ್ಲಿ ಮೀಸಲಾತಿಯ ವ್ಯಾಜ್ಯದಿಂದಾಗಿ ಅಧ್ಯಕ್ಷಪೀಠಗಳು ಬಹುಮಟ್ಟಿಗೆ ಎರಡು ವರ್ಷ ಬರಿದಾಗಿದ್ದುವು. ಎರಡನೆಯ ಅವಧಿಯ ಮೀಸಲಾತಿ ಪ್ರಕಟವಾದುದು 2024ರ ಆಗಸ್ಟಿನಲ್ಲಿ.

ಅವಧಿ ಹೋಗಲಿ, ಅಧಿಕಾರವಾದರೂ ಇದೆಯೇ? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಹದಿನೆಂಟು ಕಾರ್ಯಗಳನ್ನು ನಗರಸಂಸ್ಥೆಗಳಿಗೆ ವಹಿಸಬಹುದೆಂದು ಪಟ್ಟಿಮಾಡಿತು. ಪಟ್ಟಿ ಪುಸ್ತಕದಲ್ಲಿಯೇ ಉಳಿಯಿತು. ಆಳಂದ ತಾಲ್ಲೂಕಿನಲ್ಲಿ ಅಮರ್ಜಾ ಜಲಾಶಯವುಂಟು, ಅಫಜಲಪುರ ತಾಲ್ಲೂಕಿನಲ್ಲಿ ಭೀಮೆಗೆ ಕಟ್ಟಿದ ಸೊನ್ನ ಬ್ಯಾರೇಜುಂಟು, ಜೇವರ್ಗಿಯ ನೆರೆಯಲ್ಲಿಯೇ ಭೀಮೆ ಹರಿಯುತ್ತಾಳೆ. ಆದರೂ ಬೇಸಗೆ ಬಂತೆಂದರೆ ಗೃಹಿಣಿಯು ಕೊಡ ಹಿಡಿದು ಟ್ಯಾಂಕರಿನ ದಾರಿ ನೋಡುವುದು ತಪ್ಪಿಲ್ಲ. ಆಕೆ ಬೈಯುವುದು ಪುರಸಭೆಯನ್ನು. ನೀರಿನ ದೊಡ್ಡ ಯೋಜನೆಯನ್ನು ರೂಪಿಸುವುದಾದರೋ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಊರ ನಡುವಿನ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಮುಖ್ಯಾಧಿಕಾರಿಯನ್ನು ನೇಮಿಸುವುದೂ ವರ್ಗಾಯಿಸುವುದೂ ರಾಜ್ಯ ಸರ್ಕಾರ. ಈ ಸೀಮೆಯ ಹಿಂದುಳಿದಿರುವಿಕೆಯನ್ನು ನೀಗಲೆಂದು ಸಂವಿಧಾನದ 371(ಜೆ) ವಿಧಿಯ ಆಸರೆಯಲ್ಲಿ ಹುಟ್ಟಿದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ನಿಧಿಯಲ್ಲಿ ಶಾಸಕರ ಮಾತು ನಡೆಯುತ್ತದೆಯೇ ಹೊರತು ಪುರಸಭೆಯ ಅಧ್ಯಕ್ಷರದಲ್ಲ. ಜೇವರ್ಗಿಯ ಶಾಸಕರಾದ ಅಜಯ್ ಸಿಂಗರೇ 2023ರಿಂದ ಆ ಮಂಡಳಿಯ ಅಧ್ಯಕ್ಷರಾಗಿದ್ದಾರೆ. ಜೇವರ್ಗಿಯ ಪುರಾಧ್ಯಕ್ಷರು ಒಂದು ಚರಂಡಿಗೆ ಹಣ ಬೇಕೆಂದರೆ ಅರ್ಜಿ ಹಿಡಿದು ನಿಲ್ಲಬೇಕಾದುದು ಅಲ್ಲಿಯೇ. ಅರ್ಜಿ ಹಿಡಿದು ನಿಲ್ಲುವುದಕ್ಕೆ ವ್ಯಾಪಾರದ ಜಾಣ್ಮೆಯೇಕೆ?

ಉದ್ಯಮಿಗಳು ನಗರಕಾರ್ಯಕ್ಕೆ ಕೈಹಾಕಿದ ನಿದರ್ಶನವು ನಮ್ಮ ಮುಂದೆಯೇ ಇದೆ. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರವು ನಂದನ್ ನಿಲೇಕಣಿಯವರ ನೇತೃತ್ವದಲ್ಲಿ ಬೆಂಗಳೂರಿಗಾಗಿ ಒಂದು ಕಾರ್ಯಪಡೆಯನ್ನು ರಚಿಸಿತು. ಅದು ಪಾಲಿಕೆಯ ಲೆಕ್ಕಪತ್ರದ ಪದ್ಧತಿಯನ್ನು ಸುಧಾರಿಸಿತು. ಇಲಾಖೆಗಳು ಸಾರ್ವಜನಿಕ ಸಭೆಯಲ್ಲಿ ತಮ್ಮ ಪ್ರಗತಿಯನ್ನು ಒಪ್ಪಿಸುವಂತೆ ಮಾಡಿತು. ಇವು ಸಣ್ಣ ಕೆಲಸಗಳಲ್ಲ. ಆದರೆ 2004ರಲ್ಲಿ ಸರ್ಕಾರ ಬದಲಾಗಿ, ಜೇವರ್ಗಿಯನ್ನು ದೀರ್ಘಕಾಲ ಪ್ರತಿನಿಧಿಸಿದ್ದ ಧರ್ಮಸಿಂಗರು ಮುಖ್ಯಮಂತ್ರಿಗಳಾದ ಮೇಲೆ, ಆ ಕಾರ್ಯಪಡೆಯು ಸದ್ದಿಲ್ಲದೆ ಅಳಿದುಹೋಯಿತು. ಜನರು ಕೊಡದಿದ್ದ ಅಧಿಕಾರವನ್ನು ಜನರು ಕಾಯಲೂ ಇಲ್ಲ. ಮುಂದೆ 2009ರಲ್ಲಿ ಉದ್ಯಮಿ ಕ್ಯಾಪ್ಟನ್ ಗೋಪಿನಾಥರು, 2014ರಲ್ಲಿ ಸ್ವತಃ ನಿಲೇಕಣಿಯವರು ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು; ನಿಲೇಕಣಿಯವರು ಅನಂತಕುಮಾರರ ಮುಂದೆ ಸೋತ ಅಂತರ ಎರಡು ಲಕ್ಷಕ್ಕೂ ಮಿಕ್ಕಿತ್ತು. ಹೆಸರಾಂತ ಉದ್ಯಮಿಯೆಂಬ ಒಂದೇ ಕಾರಣಕ್ಕೆ ಮತದಾರನು ಮಣಿಯಲಾರನೆಂಬುದನ್ನು ಇದು ತೋರಿಸಿತು. ಆ ಇಬ್ಬರ ವಿಷಯದಲ್ಲಿ ಗೌರವದಿಂದ ಹೇಳತಕ್ಕ ಮಾತೊಂದುಂಟು: ಅವರು ತೆರೆದ ಬಾಗಿಲಿನಿಂದ ಬಂದು ಮತ ಕೇಳಿದರು.

ತಾಲ್ಲೂಕಿನ ಊರುಗಳಲ್ಲಿ ನಡೆಯುವುದು ಬೇರೆ. ಇಲ್ಲಿ ವ್ಯಾಪಾರಿಯು ಪುರಸಭೆಗೆ ಹೊಸದಾಗಿ ಬರಬೇಕಾದುದಿಲ್ಲ. ಆತನು ಎಂದೋ ಒಳಗಿದ್ದಾನೆ. ಗಾದಿಯು ಮಹಿಳೆಗೆ ಮೀಸಲಾದರೆ ಮನೆಯ ಹೆಣ್ಣುಮಗಳ ಹೆಸರಿನಲ್ಲಿ, ಪರಿಶಿಷ್ಟರಿಗೆ ಮೀಸಲಾದರೆ ತನ್ನ ಋಣದಲ್ಲಿರುವವನೊಬ್ಬನ ಹೆಸರಿನಲ್ಲಿ ಆತನು ಆಳುವುದುಂಟು. ಪುರಸಭೆಯ ಕಾಮಗಾರಿಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲುಳ್ಳವನು ಸದಸ್ಯನಾಗಿರಲು ಅನರ್ಹನೆಂದು ಕಾಯಿದೆ ಸ್ಪಷ್ಟವಾಗಿ ಸಾರುತ್ತದೆ. ಆದರೆ ಗುತ್ತಿಗೆಯು ಅಳಿಯನ ಹೆಸರಿನಲ್ಲಿದ್ದರೆ ಕಾಯಿದೆ ಏನು ಮಾಡೀತು? ವಾರ್ಡೊಂದರಲ್ಲಿ ಇರುವ ಮತಗಳೇ ಕೆಲವು ನೂರು ಅಥವಾ ಒಂದೆರಡು ಸಾವಿರ; ಅಷ್ಟು ಸಣ್ಣ ಕಣದಲ್ಲಿ ಹಣದ ತೂಕ ಬಹಳ. ಮತದಾರರ ಪಟ್ಟಿಯೇ ಎಷ್ಟು ಅಭದ್ರವೆಂಬುದನ್ನು ಆಳಂದ ಇಡೀ ದೇಶಕ್ಕೆ ತೋರಿಸಿದೆ: 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆ ಕ್ಷೇತ್ರದಲ್ಲಿ ಹೆಸರು ತೆಗೆಯಬೇಕೆಂದು ಬಂದ 6,018 ಅರ್ಜಿಗಳಲ್ಲಿ, ಪರಿಶೀಲಿಸಿದಾಗ, ಸರಿಯೆಂದು ಕಂಡವು 24 ಮಾತ್ರ. ಆ ಅರ್ಜಿಗಳ ಹಿಂದೆ ಯಾರಿದ್ದರೆಂಬುದನ್ನು ತನಿಖೆಯೂ ನ್ಯಾಯಾಲಯವೂ ಹೇಳಲಿ. ಪಟ್ಟಿಯನ್ನು ಕಾಯದ ಊರಿನಲ್ಲಿ ಯೋಗ್ಯನಿಗಾಗಲಿ ಅಯೋಗ್ಯನಿಗಾಗಲಿ ದೊರೆತ ಗೆಲುವಿಗೆ ಮರ್ಯಾದೆಯಿರದು.

ಹಾಗಾದರೆ ವ್ಯಾಪಾರಿಯು ಒಳ್ಳೆಯ ಪುರಪಾಲಕನಾದ ಉದಾಹರಣೆಯೇ ಇಲ್ಲವೆ ಎಂದರೆ, ಉಂಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಿರುಪುಮೊಳೆಯ ಕಾರ್ಖಾನೆಯಿಂದ ಐಶ್ವರ್ಯ ಗಳಿಸಿದ್ದ ಜೋಸೆಫ್ ಚೇಂಬರ್ಲಿನ್ 1873ರಲ್ಲಿ ಮೇಯರನಾದನು. ಮರುವರ್ಷವೇ ವ್ಯಾಪಾರದಿಂದ ನಿವೃತ್ತನಾಗಿ, ಖಾಸಗಿ ಕಂಪನಿಗಳ ಕೈಯಲ್ಲಿದ್ದ ಅನಿಲದ ಮತ್ತು ನೀರಿನ ಸರಬರಾಜನ್ನು ನಗರದ ಸ್ವತ್ತಾಗಿ ಮಾಡಿದನು; ಅನಿಲದಿಂದ ಬಂದ ಲಾಭವು ಊರಿನ ಬೊಕ್ಕಸವನ್ನು ಸೇರಿತು. ತನ್ನ ಅಂಗಡಿಯನ್ನು ಮುಚ್ಚಿ ಊರಿನ ಅಂಗಡಿಯನ್ನು ತೆರೆದವನು ಅವನು. ನಮ್ಮ ಕಾಲದಲ್ಲಿ ನ್ಯೂಯಾರ್ಕಿನ ಉದ್ಯಮಿ ಮೈಕೆಲ್ ಬ್ಲೂಮ್‌ಬರ್ಗ್ ವರ್ಷಕ್ಕೆ ಒಂದು ಡಾಲರ್ ಸಂಬಳ ಪಡೆದು 2002ರಿಂದ 2013ರವರೆಗೆ ಮೇಯರನಾಗಿದ್ದನು, ಸಮರ್ಥನೆನಿಸಿಕೊಂಡನು, ನಿಜ. ಆದರೆ ಎರಡೇ ಅವಧಿಯೆಂದಿದ್ದ ಮಿತಿಯನ್ನು 2008ರಲ್ಲಿ ತಿದ್ದಿಸಿ ಮೂರನೆಯ ಬಾರಿಗೂ ನಿಂತನು. ಹಣವುಳ್ಳವನಿಗೆ ನಿಯಮವು ಎಷ್ಟು ಬೇಗ ಬಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ದೂರದ ಮಾತೇಕೆ? ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಜನಿಸಿದ ಶರಣಬಸವೇಶ್ವರರು ಒಕ್ಕಲುತನ ಮಾಡಿ ಬೆಳೆದುದನ್ನು ದಾಸೋಹಕ್ಕೆ ಸಲ್ಲಿಸಿದವರು. ಗಳಿಸುವುದು ಪಾಪವೆಂದು ಈ ನಾಡಿನ ಶರಣರು ಹೇಳಲಿಲ್ಲ. ಗಳಿಸಿದುದು ಯಾರಿಗೆ ಸಲ್ಲಬೇಕೆಂಬುದನ್ನು ಹೇಳಿದರು. ಉದ್ಯಮದ ನ್ಯಾಯವೂ ಊರಿನ ನ್ಯಾಯವೂ ಬೇರೆಯಾಗುವುದು ಈ ಎಡೆಯಲ್ಲಿಯೇ. ನಷ್ಟ ತರುವ ಶಾಖೆಯನ್ನು ವ್ಯಾಪಾರಿಯು ಮುಚ್ಚಬಹುದು. ತೆರಿಗೆ ಕಟ್ಟಲಾರದ ಓಣಿಯನ್ನು ಪುರಸಭೆಯು ಮುಚ್ಚಲಾರದು. ಪೌರಕಾರ್ಮಿಕರ ಕೇರಿಗೂ ಸಾಹುಕಾರರ ಗಲ್ಲಿಗೂ ಒಂದೇ ನಲ್ಲಿ, ಒಂದೇ ದೀಪ, ಒಂದೇ ಚರಂಡಿ ಸಲ್ಲತಕ್ಕದ್ದು. 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಹರಿದುಬಂದ ನೀರಿನಿಂದ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಊರುಗಳನ್ನು ಆವರಿಸಿದಾಗ, ಅಲ್ಲಿಯವರು ಎಷ್ಟು ಕಂದಾಯ ಕಟ್ಟಿದ್ದರೆಂದು ಯಾರಾದರೂ ಮೊದಲು ಕೇಳಿದ್ದರೆ ಅದು ಆಡಳಿತವೆನಿಸುತ್ತಿರಲಿಲ್ಲ.

ಆದುದರಿಂದ ಉದ್ಯಮಿ ಬೇಕೆ ರಾಜಕಾರಣಿ ಬೇಕೆ ಎಂಬುದು ತಪ್ಪು ಪ್ರಶ್ನೆ. ಮೊದಲು ಪೀಠವನ್ನು ಸರಿಮಾಡತಕ್ಕದ್ದು. ಪಾಲಿಕೆಗಳ ಮೇಯರುಗಳಿಗೆಲ್ಲ ಒಂದು ವರ್ಷಕ್ಕೆ ಬದಲಾಗಿ ಪೂರ್ಣಾವಧಿಯನ್ನು ಕೊಡಬೇಕು. ಮೀಸಲಾತಿಯ ಸರದಿಯನ್ನು ಚುನಾವಣೆಗೆ ಮುನ್ನವೇ ಪ್ರಕಟಿಸಬೇಕು. ನೀರು, ಒಳಚರಂಡಿ, ಊರೊಳಗಿನ ರಸ್ತೆಗಳ ಹಣವನ್ನೂ ಸಿಬ್ಬಂದಿಯನ್ನೂ ಪುರಸಭೆಯ ಅಧೀನಕ್ಕೆ ತರಬೇಕು. ಪ್ರತಿಯೊಂದು ಕಾಮಗಾರಿಯ ಗುತ್ತಿಗೆದಾರನ ಹೆಸರು, ಮೊತ್ತ, ಮುಗಿಸಬೇಕಾದ ದಿನಾಂಕಗಳನ್ನು ಕಾಮಗಾರಿಯ ಸ್ಥಳದಲ್ಲಿಯೇ ಕನ್ನಡದಲ್ಲಿ ಬರೆದು ನಿಲ್ಲಿಸಬೇಕು. ಆ ಮೇಲೆ ಸಾಹುಕಾರರೂ ಬರಲಿ, ಶಿಕ್ಷಕರೂ ಬರಲಿ, ಪೌರಕಾರ್ಮಿಕರ ಮಗಳೂ ಬರಲಿ.

ಆಳಂದ, ಅಫಜಲಪುರ, ಜೇವರ್ಗಿಗಳ ಮತದಾರರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮುಂದಿನ ಚುನಾವಣೆಯಲ್ಲಿ ಸಿರಿವಂತರೊಬ್ಬರು ನಿಮ್ಮ ಬಾಗಿಲಿಗೆ ಬಂದಾಗ ಎಷ್ಟು ಸಂಪಾದಿಸಿದ್ದೀರಿ ಎಂದು ಕೇಳಬೇಡಿ. ಅದು ನಿಮಗೆ ಗೊತ್ತೇ ಇದೆ. ನಿಮ್ಮ ಬಂಧುಬಳಗದ ಹೆಸರಿನಲ್ಲಿ ಪುರಸಭೆಯ ಯಾವ ಯಾವ ಗುತ್ತಿಗೆಗಳಿವೆ, ಗೆದ್ದ ದಿನ ಅವನ್ನು ಬಿಡುವಿರೋ ಇಲ್ಲವೋ ಎಂದು ನಾಲ್ಕು ಜನರ ಮುಂದೆ ಕೇಳಿ. ಉತ್ತರ ಬಾರದಿದ್ದರೆ ಮತವನ್ನೂ ಕೊಡಬೇಡಿ.