ಹೆಣ್ಣಿಗೆ ಹೆಣ್ಣೇ ಶತ್ರು ಎಂದವರು ಯಾರು?

"ಹೆಣ್ಣಿಗೆ ಹೆಣ್ಣೇ ಶತ್ರು ಅಂತ ದೊಡ್ಡೋರು ಸುಮ್ಮನೆ ಹೇಳಿದ್ದಾರಾ ಮೇಡಂ?"

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ವರ್ಷಕ್ಕೊಮ್ಮೆಯಾದರೂ ಈ ಮಾತು ಕೇಳಿಬರುತ್ತದೆ. ಹೇಳುವವರು ಸಾಮಾನ್ಯವಾಗಿ ಗಂಡಸರು. ತಲೆಯಾಡಿಸಿ ಹೌದೆನ್ನುವವರು ಮಾತ್ರ ನಾವು ಹೆಂಗಸರು!

ಈ ಸಲ ಆ ಮಾತು ಬಂದದ್ದು ಹತ್ತನೆಯ ತರಗತಿಯ ಇಬ್ಬರು ಹುಡುಗಿಯರ ವಿಷಯಕ್ಕೆ. ಐದನೆಯ ತರಗತಿಯಿಂದ ಒಂದೇ ಬೆಂಚಿನಲ್ಲಿ ಕುಳಿತು ಬಂದವರು. ಒಬ್ಬಳು ಮೊದಲನೆಯವಳಾದರೆ ಇನ್ನೊಬ್ಬಳು ಎರಡನೆಯವಳು; ಮುಂದಿನ ಪರೀಕ್ಷೆಯಲ್ಲಿ ಅದು ತಿರುಗುಮುರುಗು. ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಒಬ್ಬಳ ತಾಯಿ, "ನಿನ್ನ ನೋಟ್ಸು ಅವಳಿಗೆ ಕೊಡಬೇಡ, ಅವಳು ನಿನ್ನನ್ನು ಹಿಂದೆ ಹಾಕುತ್ತಾಳೆ" ಎಂದು ಮಗಳಿಗೆ ತಾಕೀತು ಮಾಡಿದರಂತೆ. ಹುಡುಗಿಯರು ಬೇರೆ ಬೇರೆ ಬೆಂಚಿಗೆ ಹೋದರು. ಪರೀಕ್ಷೆಯಲ್ಲಿ ಇನ್ನೊಬ್ಬ ಹುಡುಗಿ ಗಣಿತದಲ್ಲಿ ನಾಲ್ಕು ಅಂಕದ ಲೆಕ್ಕವೊಂದನ್ನು ಮುಟ್ಟದೆ ಬಿಟ್ಟಿದ್ದಳು. ಅದೇ ಲೆಕ್ಕವನ್ನು ಹಿಂದಿನ ದಿನ ಬೋರ್ಡಿನ ಮೇಲೆ ತಾನೇ ಮಾಡಿ ತೋರಿಸಿದ್ದವಳು! ಕರೆದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನಾನು ಫಸ್ಟ್ ಬಂದರೆ ಅವಳು ನನ್ನ ಹತ್ತಿರ ಮಾತಾಡಲ್ಲ ಮಿಸ್" ಎಂದಳು.

ಮೂವತ್ತು ವರ್ಷಗಳ ಹತ್ತಿರ ಪಾಠ ಮಾಡಿದ್ದೇನೆ. ಲೆಕ್ಕ ಬಾರದೆ ಬಿಟ್ಟವರನ್ನು ನೂರಾರು ಕಂಡಿದ್ದೇನೆ. ಬರುವ ಲೆಕ್ಕವನ್ನು ಸ್ನೇಹಕ್ಕಾಗಿ ಬಿಟ್ಟವಳನ್ನು ಕಂಡು ನನಗೆ ಮರುಕ ಬರಲಿಲ್ಲ, ಸಿಟ್ಟು ಬಂತು. ಅವಳ ಮೇಲಲ್ಲ, ಗೆಲ್ಲಬೇಕು ಅಥವಾ ಗೆಳತಿಯಾಗಿರಬೇಕು, ಎರಡೂ ಆಗದು ಎಂದು ಹದಿನೈದರ ಮಗುವಿಗೆ ಕಲಿಸಿದ ನಮ್ಮೆಲ್ಲರ ಮೇಲೆ. ಆ ಸಿಟ್ಟಿನಲ್ಲೇ ಇಬ್ಬರನ್ನೂ ಕೂರಿಸಿಕೊಂಡು ನಾನು ಹೇಳಿದ್ದು ಪುರಾಣದ ಕಥೆಯಲ್ಲ, ಒಂದು ಟೆನಿಸ್ ಆಟದ ಕಥೆ.

ನಾನು ಟೆನಿಸ್ ರ‍್ಯಾಕೆಟ್ ಹಿಡಿದವಳಲ್ಲ. ಕಾಲೇಜಿನ ದಿನಗಳಲ್ಲಿ ಪಕ್ಕದ ಮನೆಯ ಟಿ.ವಿ.ಯಲ್ಲಿ ವಿಂಬಲ್ಡನ್ ಫೈನಲ್ ನೋಡಿದ್ದಷ್ಟೇ ನನ್ನ ಟೆನಿಸ್. ನಾನೀಗ ಹೇಳುವ ಆಟವನ್ನಂತೂ ಅದು ನಡೆದ ಎಷ್ಟೋ ವರ್ಷಗಳ ಮೇಲೆ, ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ತನ್ನ ಕಂಪ್ಯೂಟರಿನಲ್ಲಿ ತೋರಿಸಿದ. "ಸ್ವಲ್ಪ ನೋಡು ಚಿಕ್ಕಮ್ಮ" ಎಂದ. ಒಲೆಯ ಮೇಲೆ ಸಾರು ಸೀದದ್ದೂ ತಿಳಿಯಲಿಲ್ಲ!

1985ರ ಜೂನ್ 8. ಪ್ಯಾರಿಸ್ಸಿನಲ್ಲಿ ಫ್ರೆಂಚ್ ಓಪನ್ ಟೂರ್ನಿಯ ಮಹಿಳೆಯರ ಫೈನಲ್. ಕೆಂಪು ಮಣ್ಣಿನ ಅಂಗಳ. ಒಂದು ಕಡೆ ಅಮೆರಿಕದ ಕ್ರಿಸ್ ಎವರ್ಟ್, ಮೂವತ್ತು ವರ್ಷ. ಇನ್ನೊಂದು ಕಡೆ ಮಾರ್ಟಿನಾ ನವ್ರಾಟಿಲೋವಾ, ಇಪ್ಪತ್ತೆಂಟು. ಇಬ್ಬರಿಗೂ ಈಗ ಎಪ್ಪತ್ತರ ಆಸುಪಾಸು; ಆದರೂ ಏಕವಚನದಲ್ಲೇ ಬರೆಯುತ್ತೇನೆ, ನಮ್ಮವರು ಎನಿಸಿದವರಿಗೆ ಬಹುವಚನ ಬಾಯಿಗೆ ಬರುವುದಿಲ್ಲ.

ಮೊದಲ ಸೆಟ್ಟು ಕ್ರಿಸ್‌ಗೆ 6-3. ಎರಡನೆಯದು ಟೈಬ್ರೇಕ್‌ಗೆ ಹೋಗಿ 7-6ರಲ್ಲಿ ಮಾರ್ಟಿನಾಳ ಪಾಲಾಯಿತು. ಮೂರನೆಯ ಸೆಟ್ಟಿನಲ್ಲಿ 5-5. ಸರ್ವ್ ಮಾಡುತ್ತಿರುವವಳು ಕ್ರಿಸ್; ಅಂಕ ಸೊನ್ನೆ-ನಲವತ್ತು. ಅಂದರೆ ಇನ್ನೊಂದು ಪಾಯಿಂಟು ಹೋದರೆ ಆ ಗೇಮು ಮಾರ್ಟಿನಾಳದು, ಅದರ ಹಿಂದೆಯೇ ಪಂದ್ಯವೂ ಹೋದಂತೆ. ಕ್ರಿಸ್ ಆ ಗೇಮನ್ನು ಬಿಡಲಿಲ್ಲ, ಒಂದೊಂದೇ ಪಾಯಿಂಟು ಕಿತ್ತುಕೊಂಡು ಉಳಿಸಿಕೊಂಡಳು. ಮುಂದಿನ ಗೇಮಿನಲ್ಲಿ ನೆಟ್ಟಿನ ಬಳಿಗೆ ನುಗ್ಗಿದ ಮಾರ್ಟಿನಾಳ ಪಕ್ಕದಿಂದ ಗೆರೆಗುಂಟ ಒಂದು ಬ್ಯಾಕ್‌ಹ್ಯಾಂಡ್ ಹೊಡೆದು ಪಂದ್ಯವನ್ನೇ ಮುಗಿಸಿದಳು. 7-5! ಆಡಿದ್ದು ಹೆಚ್ಚುಕಡಿಮೆ ಮೂರು ಗಂಟೆ.

ಆಮೇಲೆ ಆದದ್ದನ್ನು ನೋಡಿ. ಸೋತ ಮಾರ್ಟಿನಾ ಮುಖ ತಿರುಗಿಸಿಕೊಂಡು ಹೋಗಲಿಲ್ಲ. ನೆಟ್ಟಿನ ಬಳಿ ಬಂದು ಗೆದ್ದವಳನ್ನು ಅಪ್ಪಿಕೊಂಡಳು. ಮನಸ್ಸು ಒಪ್ಪದೆ ಅಪ್ಪುವುದು ಹೇಗಿರುತ್ತದೆ ಎಂಬುದನ್ನು ಮದುವೆಮನೆಗಳಲ್ಲಿ ನಾವೆಲ್ಲ ಕಂಡವರೇ. ಇದು ಅದಲ್ಲ.

ಇದೇನು ಒಂದು ದಿನದ ದೊಡ್ಡಸ್ತಿಕೆಯೇ? ಅಲ್ಲ. ಇವರಿಬ್ಬರು ಮೊದಲು ಎದುರಾದದ್ದು 1973ರಲ್ಲಿ, ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ. ಕ್ರಿಸ್‌ಗೆ ಹದಿನೆಂಟು, ಮಾರ್ಟಿನಾಗೆ ಹದಿನಾರು. ಕೊನೆಯ ಸಲ 1988ರಲ್ಲಿ, ಶಿಕಾಗೋದಲ್ಲಿ. ಒಟ್ಟು 80 ಪಂದ್ಯಗಳು. ಅವುಗಳಲ್ಲಿ 60 ಫೈನಲ್‌ಗಳು! ಮಾರ್ಟಿನಾ ಗೆದ್ದದ್ದು 43, ಕ್ರಿಸ್ 37. 1982ರಿಂದ 1984ರವರೆಗೆ ನಡೆದ 12 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳಲ್ಲಿ ಒಂದೂ ಮೂರನೆಯವಳ ಮನೆಗೆ ಹೋಗಲಿಲ್ಲ. ಕೊನೆಯಲ್ಲಿ ಲೆಕ್ಕ ಹಾಕಿದರೆ ಇಬ್ಬರದೂ ತಲಾ 18 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್.

ನಮ್ಮ ಮನೆಯ ಗಂಡಸರು ಬೋರ್ಗ್-ಮೆಕೆನ್ರೋ ಎಂದರೆ ಈಗಲೂ ಕಣ್ಣರಳಿಸುತ್ತಾರೆ. 1980ರ ಅವರ ವಿಂಬಲ್ಡನ್ ಫೈನಲ್ ದೊಡ್ಡ ಆಟವೇ, ಇಲ್ಲವೆನ್ನುವುದಿಲ್ಲ. ಆದರೆ ಅವರಿಬ್ಬರು ಆಡಿದ್ದು 14 ಸಲ. ಫೆಡರರ್-ನಡಾಲ್ 40. ಜೊಕೊವಿಚ್-ನಡಾಲ್ 60. ಈ 80ರ ಲೆಕ್ಕ ನಿಮ್ಮಲ್ಲಿ ಎಷ್ಟು ಜನ ಕೇಳಿದ್ದಿರಿ? ಗಂಡಸರ ಪೈಪೋಟಿಯಾದರೆ ಅದು ಪೌರುಷ, ಇತಿಹಾಸ. ಹೆಂಗಸರದಾದರೆ ನಲ್ಲಿಯ ಹತ್ತಿರದ ಜಗಳ!

ಇಷ್ಟು ಹೇಳಿ ಇವರಿಬ್ಬರೂ ದೇವತೆಗಳು ಎಂದರೆ ಸುಳ್ಳಾದೀತು. ಮೊದಲು ಗೆಳತಿಯರಾಗಿದ್ದರು, ಜೊತೆಗೂಡಿ 1975ರಲ್ಲಿ ಫ್ರೆಂಚ್ ಡಬಲ್ಸನ್ನೂ 1976ರಲ್ಲಿ ವಿಂಬಲ್ಡನ್ ಡಬಲ್ಸನ್ನೂ ಗೆದ್ದರು. ಆಮೇಲೆ ಕ್ರಿಸ್ ಜೊತೆ ಬಿಟ್ಟಳು. ನನ್ನ ಆಟದ ಗುಟ್ಟೆಲ್ಲ ಇವಳಿಗೆ ತಿಳಿಯುತ್ತಿದೆ ಎಂಬ ಹೆದರಿಕೆ. ನಮ್ಮ ನೋಟ್ಸಿನ ತಾಯಿಯ ಹೆದರಿಕೆಯೇ ಅದು! ಎಂಬತ್ತರ ದಶಕದ ಆರಂಭದಲ್ಲಿ ಮಾರ್ಟಿನಾಳನ್ನು ತಯಾರು ಮಾಡುತ್ತಿದ್ದವಳು ಬಾಸ್ಕೆಟ್‌ಬಾಲ್ ಆಟಗಾರ್ತಿ ನ್ಯಾನ್ಸಿ ಲೀಬರ್ಮನ್. ಗೆಲ್ಲಬೇಕಾದರೆ ಕ್ರಿಸ್ಸನ್ನು ದ್ವೇಷಿಸಬೇಕು ಎಂಬುದು ಅವಳ ಪಾಠ. ಕೆಲವು ಕಾಲ ಇಬ್ಬರ ನಡುವೆ ತಣ್ಣಗಾಯಿತು. ಪತ್ರಿಕೆಗಳೂ ತಮ್ಮ ಕೈಲಾದ ಉಪ್ಪು-ಖಾರ ಸೇರಿಸಿದವು. ಒಬ್ಬಳು ಮಂಜುಗಡ್ಡೆಯಂಥ ಕುಮಾರಿ, ಇನ್ನೊಬ್ಬಳು ಗಂಡಸಿನಂಥ ತೋಳಿನವಳು. ಹೆಂಗಸು ಶಾಂತವಾಗಿ ಆಡಿದರೆ ಹೃದಯವಿಲ್ಲದವಳು, ಬಲವಾಗಿ ಹೊಡೆದರೆ ಹೆಣ್ಣೇ ಅಲ್ಲ! ಈ ದ್ವೇಷದ ಪಾಠ ಬಂದದ್ದು ಅಂಗಳದೊಳಗಿನಿಂದಲ್ಲ, ಹೊರಗೆ ನಿಂತವರಿಂದ ಎಂಬುದನ್ನು ಗಮನಿಸಿ.

ಆ ದ್ವೇಷ ಬಾಳಲಿಲ್ಲ. ಫೈನಲ್ ದಿನ ಎಲ್ಲ ಆಟಗಾರ್ತಿಯರೂ ಸೋತು ಊರಿಗೆ ಹೋಗಿರುತ್ತಿದ್ದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಉಳಿಯುತ್ತಿದ್ದವರು ಇವರಿಬ್ಬರೇ. ಆಟ ಮುಗಿದ ಮೇಲೆ ಅಳುವವಳನ್ನು ಸಮಾಧಾನ ಮಾಡಲು ಗೆದ್ದವಳ ಹೊರತು ಬೇರೆ ಯಾರಿರುತ್ತಿದ್ದರು? ಜಗತ್ತಿನಲ್ಲಿ ತನ್ನ ಕಷ್ಟ ಪೂರ್ತಿ ಅರ್ಥವಾಗುವುದು ಇವಳೊಬ್ಬಳಿಗೇ ಎಂದು ಇಬ್ಬರಿಗೂ ತಿಳಿದಿರಬೇಕು.

ಒಬ್ಬಳಿಂದ ಇನ್ನೊಬ್ಬಳಿಗೆ ನಷ್ಟವಾಯಿತೇ? ಮೊದಮೊದಲು ಕ್ರಿಸ್‌ಳದೇ ಮೇಲುಗೈ; ಅವಳನ್ನು ಗೆಲ್ಲಲೆಂದೇ ಮಾರ್ಟಿನಾ ತಿಂಡಿತೀರ್ಥ ತಿದ್ದಿಕೊಂಡು, ಭಾರ ಎತ್ತಿ, ಮೈಯನ್ನು ಉಕ್ಕು ಮಾಡಿಕೊಂಡಳು. ಆಮೇಲೆ ಸುಮಾರು ಎರಡು ವರ್ಷ ಕ್ರಿಸ್‌ಗೆ ಮಾರ್ಟಿನಾಳ ಎದುರು ಬರೀ ಸೋಲು. 1984ರ ಫ್ರೆಂಚ್ ಫೈನಲ್ಲಿನಲ್ಲಂತೂ 6-3, 6-1. ಅವಮಾನವಾಯಿತೆಂದು ಮನೆ ಸೇರಿದಳೇ? ಇಲ್ಲ. ಹಳೆಯ ಅಭ್ಯಾಸಗಳನ್ನು ಬಿಟ್ಟು, ಹೊಸ ರ‍್ಯಾಕೆಟ್ ಹಿಡಿದು, ತಾನೂ ವ್ಯಾಯಾಮಶಾಲೆಗೆ ಹೋದಳು. ಆ 1985ರ ಜೂನ್ ಮಧ್ಯಾಹ್ನ ಅದರ ಫಲ. ಅವಳಿಲ್ಲದಿದ್ದರೆ ನಾನು ಇಷ್ಟಾಗುತ್ತಿರಲಿಲ್ಲ ಎಂದು ಇಬ್ಬರೂ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಸೊನ್ನೆ-ನಲವತ್ತರಲ್ಲಿ ಕ್ರಿಸ್, "ಪಾಪ, ಗೆಳತಿ" ಎಂದು ಕೈ ಸಡಿಲಿಸಿದ್ದರೆ ಅದು ಸ್ನೇಹವಾಗುತ್ತಿರಲಿಲ್ಲ, ಗೆಳತಿಗೆ ಮಾಡಿದ ಅವಮರ್ಯಾದೆಯಾಗುತ್ತಿತ್ತು. ಬಿಟ್ಟುಕೊಟ್ಟ ನಾಲ್ಕು ಅಂಕವೂ ಅಷ್ಟೇ.

"ಟೀಚರೇ, ಅದು ಆಟ, ಮನೆಯಲ್ಲಿ ಅತ್ತೆ-ಸೊಸೆ ಕಾದಾಡುವುದು ಸುಳ್ಳೇ?" ಎಂದು ನೀವು ಕೇಳಬಹುದು. ಸುಳ್ಳಲ್ಲ. ಆದರೆ ಕಾರಣ ಹುಡುಕಿ. ಮನೆಗೆ ಒಂದೇ ಅಡಿಗೆಮನೆ, ಒಂದೇ ಬೀಗದ ಕೈಗೊಂಚಲು. ಅದು ಹೋದರೆ ಅವಳ ಪಾಲಿಗೆ ಬೇರೇನೂ ಇಲ್ಲ. ಹತ್ತು ಜನ ಹಸಿದವರ ನಡುವೆ ಒಂದು ರೊಟ್ಟಿ ಎಸೆದು, ನೋಡಿ ಇವರಿಗೆ ಒಗ್ಗಟ್ಟಿಲ್ಲ ಎಂದರೆ ನ್ಯಾಯವೇ? ಕ್ರಿಸ್-ಮಾರ್ಟಿನಾ ಸ್ನೇಹ ಉಳಿದದ್ದು ಅವರು ಪುಣ್ಯಾತ್ಗಿತ್ತಿಯರು ಎಂದಷ್ಟೇ ಅಲ್ಲ. ಅವರಿಗೆ 80 ಸಲ ಆಡುವ ಅವಕಾಶವಿತ್ತು. ಇಂದು ಸೋತರೆ ಮುಂದೆ ಇನ್ನೊಂದು ಪಂದ್ಯವಿತ್ತು. ಸ್ವಂತ ದುಡಿಮೆಯಿತ್ತು, ಸ್ವಂತ ಹೆಸರಿತ್ತು.

ಆ ಅವಕಾಶವನ್ನಾದರೂ ಯಾರೋ ಧಾರೆಯೆರೆದು ಕೊಟ್ಟದ್ದಲ್ಲ. ಗಂಡಸರಿಗೆ ಕೊಡುವ ಬಹುಮಾನದ ಚೂರುಪಾರು ಹೆಂಗಸರಿಗೆ ಬೀಳುತ್ತಿದ್ದ ಕಾಲ. 1970ರಲ್ಲಿ ಬಿಲ್ಲಿ ಜೀನ್ ಕಿಂಗ್ ಮತ್ತು ಇನ್ನೆಂಟು ಆಟಗಾರ್ತಿಯರು ತಲಾ ಒಂದು ಡಾಲರಿನ ಕರಾರಿಗೆ ಸಹಿ ಹಾಕಿ ತಮ್ಮದೇ ಪಂದ್ಯಗಳನ್ನು ನಡೆಸಲು ಹೊರಟರು. 1973ರಲ್ಲಿ ಮಹಿಳಾ ಟೆನಿಸ್ ಸಂಘ ಹುಟ್ಟಿತು. ಅದೇ ವರ್ಷ ಯು.ಎಸ್. ಓಪನ್‌ನಲ್ಲಿ ಹೆಂಗಸರಿಗೂ ಸಮನಾದ ಬಹುಮಾನ ಬಂತು. ವಿಂಬಲ್ಡನ್‌ಗೆ ಆ ಬುದ್ಧಿ ಬರಲು 2007 ಆಗಬೇಕಾಯಿತು! ಅಂಗಳದಲ್ಲಿ ಪರಸ್ಪರ ಸೋಲಿಸಿಕೊಳ್ಳುತ್ತಿದ್ದ ಹೆಂಗಸರೇ ಅಂಗಳದ ಹೊರಗೆ ಕೈಕೈ ಹಿಡಿದು ಇದನ್ನು ಸಾಧಿಸಿದವರು. ಹೆಣ್ಣಿಗೆ ಹೆಣ್ಣೇ ಶತ್ರುವಾಗಿದ್ದರೆ ಇದು ಆಗುತ್ತಿತ್ತೇ?

ಇಷ್ಟು ಖಾರವಾಗಿ ಬರೆಯುವ ನಾನೇನು ಸಾಚಾಳೇ? ಹನ್ನೆರಡು ವರ್ಷಗಳ ಹಿಂದೆ ನಾನೂ ವಿಜ್ಞಾನ ಹೇಳುವ ಸಹೋದ್ಯೋಗಿಯೊಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುವವರಾಗಿದ್ದೆವು. ಮುಖ್ಯೋಪಾಧ್ಯಾಯಿನಿ ನಿವೃತ್ತರಾದರು, ಮುಂದೆ ನಾನೋ ಅವರೋ ಎಂಬ ಪ್ರಶ್ನೆ ಬಂತು. ಅವರು ಹೀಗಂದರು ಎಂದು ನನಗೆ, ನಾನು ಹಾಗಂದೆ ಎಂದು ಅವರಿಗೆ ತಂದು ಮುಟ್ಟಿಸುವವರು ಹುಟ್ಟಿಕೊಂಡರು. ನಿಜವೇ ಎಂದು ಕೇಳುವಷ್ಟು ಬುದ್ಧಿ ನನಗೂ ಬರಲಿಲ್ಲ, ಅವರಿಗೂ ಬರಲಿಲ್ಲ. ಮೂರು ವರ್ಷ ಮಾತು ಬಿಟ್ಟೆವು. ಆ ಖುರ್ಚಿಯಲ್ಲಿ ಬಂದು ಕುಳಿತವರು ಬೇರೆ ಊರಿನಿಂದ ಬಂದ ಗಂಡಸರು! ಅವರ ಸ್ವಾಗತಕ್ಕೆ ಹಾರ ತಂದವಳು ನಾನು, ಆರತಿ ಹಿಡಿದವರು ಆಕೆ. ಆಗಲೂ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಮೂರು ವರ್ಷದಲ್ಲಿ ಅವರ ತಾಯಿ ತೀರಿಕೊಂಡರು. ನಾನು ಹೋಗಲಿಲ್ಲ. ಈ ಲೇಖನದಲ್ಲಿ ನನಗೆ ಬರೆಯಲು ಕಷ್ಟವಾದ ವಾಕ್ಯ ಅದೊಂದೇ.

ಕ್ರಿಸ್-ಮಾರ್ಟಿನಾ ಇಂದಿಗೂ ಗೆಳತಿಯರು. 1986ರ ಕೊನೆಗೆ ಮಾರ್ಟಿನಾ ಕರೆದೊಯ್ದ ಹಿಮದ ಊರಿನಲ್ಲೇ ಕ್ರಿಸ್ ತಾನು ಮುಂದೆ ಮದುವೆಯಾದವನನ್ನು ಕಂಡಳು. ಆ ಮದುವೆ ಕೊನೆಗೆ ಮುರಿದುಬಿತ್ತು, ಸ್ನೇಹ ಮುರಿಯಲಿಲ್ಲ. 2020ರಲ್ಲಿ ಕ್ರಿಸ್‌ಳ ತಂಗಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡಳು. 2022ರ ಜನವರಿಯಲ್ಲಿ ತನಗೂ ಅದೇ ಎಂದು ಕ್ರಿಸ್ ತಿಳಿಸಿದಳು. ಸುಮಾರು ಒಂದು ವರ್ಷಕ್ಕೆ ಮಾರ್ಟಿನಾಗೆ ಗಂಟಲಿನದೂ ಸ್ತನದ್ದೂ ಎಂದು ಸುದ್ದಿ ಬಂತು. ಆ ದಿನಗಳಲ್ಲಿ ಒಬ್ಬಳಿಗೆ ಇನ್ನೊಬ್ಬಳು ಆಸರೆಯಾದದ್ದನ್ನು ಇಬ್ಬರೂ ಹೇಳಿಕೊಂಡಿದ್ದಾರೆ.

ಆದ್ದರಿಂದ ತಾಯಂದಿರೇ, ಮಗಳಿಗೆ ನೋಟ್ಸು ಕೊಡಬೇಡ ಎನ್ನಬೇಡಿ. ಗೆಲ್ಲಬೇಡ ಎಂದಂತೂ ಹೇಳಲೇಬೇಡಿ. ಗೆಳತಿಗೆ ನೋಟ್ಸು ಕೊಟ್ಟು, ಆಮೇಲೆ ಅವಳನ್ನು ಸೋಲಿಸಿ ಬಾ, ಸೋತರೆ ಅಪ್ಪಿಕೊಂಡು ಬಾ ಎನ್ನಿ. ಹೆಣ್ಣಿಗೆ ಹೆಣ್ಣೇ ಶತ್ರು ಎಂದು ಯಾರಾದರೂ ಹೇಳಿದರೆ ತಲೆಯಾಡಿಸಬೇಡಿ. ಈ ಮಾತಿನಿಂದ ಲಾಭ ಯಾರಿಗೆ ಎಂದು ಒಮ್ಮೆ ಕೇಳಿ.

ನನ್ನ ಇಬ್ಬರು ಹುಡುಗಿಯರು ಇನ್ನೂ ಒಂದೇ ಬೆಂಚಿಗೆ ಬಂದಿಲ್ಲ. ಆದರೆ ವಾರ್ಷಿಕ ಪರೀಕ್ಷೆಯಲ್ಲಿ ಯಾರೂ ಯಾವ ಲೆಕ್ಕವನ್ನೂ ಖಾಲಿ ಬಿಡಲಿಲ್ಲ. ಮೊನ್ನೆ ಆ ವಿಜ್ಞಾನದ ಟೀಚರಿಗೆ ನಾನೇ ಫೋನು ಮಾಡಿದೆ. ಅವರೀಗ ನಿವೃತ್ತರು. "ಏನ್ರೀ, ಇಷ್ಟು ದಿನದ ಮೇಲೆ?" ಎಂದರು. ತಾಯಿಯ ವಿಷಯ ಎತ್ತಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಫೋನು ಮಾತ್ರ ಇಡಲಿಲ್ಲ.