ಬಾಡಿಗೆ ಮನೆಯವರ ಬಿಸಿಲು

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಹಿಮಾಯತ್‌ನಗರದ ನಮ್ಮ ಕಟ್ಟಡದ ತಾರಸಿಗೆ ಬರಿಗಾಲಲ್ಲಿ ಹೋದವರು ಎರಡನೆಯ ಸಲ ಆ ಸಾಹಸ ಮಾಡುವುದಿಲ್ಲ. ಹಿಂದೆ ಒಂದೇ ಕುಟುಂಬದ ಬಂಗಲೆಯಿದ್ದ ನಿವೇಶನದಲ್ಲಿ ಈಗ ಇಪ್ಪತ್ತು ಮನೆಗಳಿವೆ. ತಾರಸಿ ಮಾತ್ರ ಒಂದೇ. ನೀರಿನ ತೊಟ್ಟಿಗಳು, ಲಿಫ್ಟಿನ ಕೋಣೆ, ಟೀವಿಯ ಡಿಶ್‌ಗಳು, ಇವುಗಳ ನಡುವೆ ಸಂಡಿಗೆ ಒಣಗಿಸಲು ಉಳಿದಷ್ಟು ಜಾಗ. ಕಳೆದ ಬೇಸಿಗೆಯಲ್ಲಿ ಅಲ್ಲಿ ಸೌರಫಲಕ ಹಾಕಿಸುವ ಮಾತು ನಿವಾಸಿಗಳ ಸಭೆಗೆ ಬಂತು. ಮಾಲೀಕರು ಲೆಕ್ಕ ಹಾಕಿದರು. ಬಾಡಿಗೆಯವರಾದ ನಮ್ಮನ್ನು ಯಾರೂ ಕೇಳಲಿಲ್ಲ. ಕೇಳದಿದ್ದುದು ಅವರ ತಪ್ಪೂ ಅಲ್ಲ. ಫಲಕದ ಆಯುಸ್ಸು ಇಪ್ಪತ್ತೈದು ವರ್ಷ. ನನ್ನಂಥ ಕೇಂದ್ರ ಸರ್ಕಾರಿ ನೌಕರನ ವಾಸ ಮುಂದಿನ ವರ್ಗಾವಣೆಯ ಆದೇಶದವರೆಗೆ. ತಾರಸಿಯ ಹಕ್ಕು ತಮ್ಮದೆಂದು ಮೇಲಂತಸ್ತಿನವರೊಬ್ಬರು ಹೇಳಿದ್ದೇ ತಡ, ಮಾತು ಸೂರ್ಯನನ್ನು ಬಿಟ್ಟು ಕ್ರಯಪತ್ರದತ್ತ ತಿರುಗಿತು. ಚಹಾ ಕುಡಿದು ಎದ್ದೆವು.

ಈ ಸಣ್ಣ ಪ್ರಸಂಗದಲ್ಲಿ ನಮ್ಮ ಸೌರನೀತಿಯ ದೊಡ್ಡ ಕೊರತೆಯೊಂದು ಇದೆಯೆಂದು ನನಗೆ ತೋರುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಗೆ 75,021 ಕೋಟಿ ರೂಪಾಯಿ ಗೊತ್ತುಪಡಿಸಲಾಗಿದೆ. ಗುರಿ ಒಂದು ಕೋಟಿ ಮನೆಗಳು. ಸ್ವಂತ ಮಾಳಿಗೆಯುಳ್ಳವರು 3 ಕಿಲೋವ್ಯಾಟ್ ಘಟಕ ಹಾಕಿಸಿದರೆ 78,000 ರೂಪಾಯಿ ಸಹಾಯಧನ ದೊರೆಯುತ್ತದೆ, ಅಂದರೆ ಕಿಲೋವ್ಯಾಟಿಗೆ 26,000. ವಸತಿ ಸಂಘವೊಂದು ಲಿಫ್ಟು, ಪಂಪುಗಳಂಥ ಸಾಮಾನ್ಯ ಸೌಕರ್ಯಕ್ಕೆಂದು ಹಾಕಿಸಿದರೆ ಕಿಲೋವ್ಯಾಟಿಗೆ 18,000. ಹಂಚಿಕೊಂಡು ಬಳಸುವವರಿಗೇ ಕಡಿಮೆ!

ಸಹಾಯಧನ ಸಮನಾದರೂ ನಮ್ಮ ತಾರಸಿ ಸಾಲದು. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರ ಅಡಿ ನೆರಳಿಲ್ಲದ ಜಾಗ ಬೇಕು. ಅದರಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಹುಟ್ಟುತ್ತದೆ. ಇಪ್ಪತ್ತು ಮನೆಗೆ ತಲಾ ಮೂರರಂತೆ ಅರವತ್ತು ಕಿಲೋವ್ಯಾಟ್ ಎಂದರೆ ಆರು ಸಾವಿರ ಚದರ ಅಡಿ. ತೊಟ್ಟಿಗಳನ್ನು ಕಿತ್ತೆಸೆದರೂ ನಮ್ಮಲ್ಲಿ ಅಷ್ಟಿಲ್ಲ. ಪಕ್ಕದ ಎತ್ತರದ ಕಟ್ಟಡದ ನೆರಳು ಮೂರು ಗಂಟೆಗೇ ಬಂದು ಮಲಗುತ್ತದೆ, ಅದು ಬೇರೆ.

ಆದುದರಿಂದ ಫಲಕ ನಮ್ಮ ತಲೆಯ ಮೇಲೆಯೇ ಇರಬೇಕೆಂಬ ಹಟವನ್ನು ಬಿಡಬೇಕು. ಘಟಕ ಎಲ್ಲೋ ಒಂದು ಕಡೆ ಇರಲಿ. ಅಲ್ಲಿ ಹುಟ್ಟಿದ ಯೂನಿಟ್ಟುಗಳು ಪಾಲುದಾರರ ಸರ್ವಿಸ್ ನಂಬರುಗಳಿಗೆ ಅವರವರ ಪಾಲಿನಂತೆ ಜಮೆಯಾಗಲಿ. ಇದಕ್ಕೆ ವರ್ಚುವಲ್ ನೆಟ್ ಮೀಟರಿಂಗ್ ಎಂಬ ಹೆಸರಿದೆ. ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗ 2019ರಲ್ಲಿಯೇ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ತಂತ್ರಜ್ಞಾನದ ತೊಡಕು ಇಲ್ಲಿ ಹೆಚ್ಚಿಲ್ಲ. ಬೇಕಾದದ್ದು ನಂಬಿಕೆಯ ಲೆಕ್ಕಪುಸ್ತಕ.

ಅಂಥ ಲೆಕ್ಕಪುಸ್ತಕವನ್ನು ಇಡಬಲ್ಲವರು ಯಾರು ಎಂದು ಕೇಳುವವರಿಗೆ ನಾನು ಎರಡು ಊರುಗಳ ಹೆಸರು ಹೇಳುತ್ತೇನೆ. ಒಂದು, ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿ. ಇನ್ನೊಂದು, ಇದೇ ತೆಲಂಗಾಣದ ಮಗ್ಗಗಳ ಊರು ಸಿರಿಸಿಲ್ಲ. ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾದ 1969ರ ಆಸುಪಾಸಿನಲ್ಲಿ ದೇಶದ ಐದು ಕಡೆ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳ ಪ್ರಯೋಗ ನಡೆಯಿತು. ಅವುಗಳಲ್ಲಿ ಈ ಎರಡೂ ಇದ್ದವು. ಸಂಘ ಸಗಟಾಗಿ ವಿದ್ಯುತ್ ಕೊಳ್ಳುತ್ತದೆ, ಸದಸ್ಯರಿಗೆ ಹಂಚುತ್ತದೆ, ಬಿಲ್ಲು ವಸೂಲು ಮಾಡುತ್ತದೆ. ಅರ್ಧ ಶತಮಾನ ದಾಟಿದರೂ ಎರಡೂ ಬದುಕಿವೆ. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ ತನ್ನ ವಿತರಣೆಯ ಹಕ್ಕನ್ನು ಕಳೆದುಕೊಂಡಿತೆಂಬುದನ್ನೂ ಮರೆಯುವಂತಿಲ್ಲ. ಹುಕ್ಕೇರಿಯ ಸಂಘದ ಚುನಾವಣೆಗೆ ವಿಧಾನಸಭೆಯ ಚುನಾವಣೆಯ ಕಾವೇರುತ್ತದೆಂದು ಮೂಗು ಮುರಿಯುವವರುಂಟು. ನನಗದು ದೋಷವಾಗಿ ಕಾಣುವುದಿಲ್ಲ. ಯಾರದೂ ಅಲ್ಲದ ವಸ್ತುವಿಗಾಗಿ ಜನ ಅಷ್ಟು ಜಗಳವಾಡುವುದಿಲ್ಲ.

ಆದರೆ ಬಯಲಿನಲ್ಲಿ ಫಲಕ ಹಾಕಿದ ಮಾತ್ರಕ್ಕೆ ಬಿಸಿಲು ಎಲ್ಲರದಾಗುವುದಿಲ್ಲ. ಪಾವಗಡದ ಸೌರ ಉದ್ಯಾನವನ್ನು ನೋಡಿ: ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆ ಕೊಟ್ಟದ್ದು, ಬರದ ಸೀಮೆಯಲ್ಲಿ ನಿಜಕ್ಕೂ ಒಳ್ಳೆಯ ಉಪಾಯ. ಆದರೆ ಆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಹೋಯಿತು. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರಿಗೆ ಕೂಲಿ ತಪ್ಪಿತು, ಗುತ್ತಿಗೆಯ ಹಣದಲ್ಲಿ ಪಾಲು ಬರಲಿಲ್ಲ. ಇಲ್ಲಿ ಕ್ರಯಪತ್ರ, ಅಲ್ಲಿ ಪಹಣಿ. ಎರಡು ಕಡೆಯೂ ಕಾಗದವಿಲ್ಲದವನು ಹೊರಗೆ.

ವಿದ್ಯುತ್ ಕಂಪನಿಗಳ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಹೆಚ್ಚು ದರ ಕೊಡುವ ಗ್ರಾಹಕರು ಹೀಗೆ ಜಾರಿಹೋದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳ ಖರ್ಚು ಉಳಿದವರ ಮೇಲೆ ಬೀಳುತ್ತದೆ. ಹಗಲು ಹುಟ್ಟಿದ ಯೂನಿಟ್ಟನ್ನು ರಾತ್ರಿ ಬಳಸುವುದಕ್ಕೂ ಅವರ ತಂತಿಯೇ ಬೇಕು. ನ್ಯಾಯವಾದ ತಂತಿಬಾಡಿಗೆಯನ್ನು ಪಾಲುದಾರರು ಕೊಡಲಿ. ಬಡವರ ಪ್ರಶ್ನೆ ಇನ್ನೂ ಜಟಿಲ. ಕರ್ನಾಟಕದಲ್ಲಿ 2023ರಿಂದ, ತೆಲಂಗಾಣದಲ್ಲಿ 2024ರಿಂದ ಗೃಹಜ್ಯೋತಿಯ ಅಡಿಯಲ್ಲಿ ಅರ್ಹರಿಗೆ 200 ಯೂನಿಟ್‌ವರೆಗೆ ಉಚಿತ. ಬಿಲ್ಲೇ ಇಲ್ಲದವರ ಬಿಲ್ಲಿಗೆ ಯೂನಿಟ್ ಜಮೆ ಮಾಡಿ ಏನು ಫಲ? ಅವರ ಪಾಲು ಹಣದ ರೂಪದಲ್ಲಿಯೇ ಬ್ಯಾಂಕ್ ಖಾತೆಗೆ ಬರಬೇಕು. ಸರ್ಕಾರ ಪ್ರತಿ ತಿಂಗಳು ಅವರ ಪರವಾಗಿ ಕಟ್ಟುವ ಸಹಾಯಧನದ ಒಂದು ಭಾಗ ಒಮ್ಮೆಗೆ ಅವರ ಪಾಲಿನ ಬಂಡವಾಳವಾಗಬೇಕು.

ನನ್ನ ಬೇಡಿಕೆ ಇಷ್ಟು: ಪಾಲು ತಾರಸಿಗಲ್ಲ, ಮನುಷ್ಯನಿಗೆ ಅಂಟಿಕೊಂಡಿರಲಿ. ಹಿಮಾಯತ್‌ನಗರದಿಂದ ಮಲಕ್‌ಪೇಟೆಗೆ ಮನೆ ಬದಲಿಸಿದರೆ ಗ್ಯಾಸ್ ಸಂಪರ್ಕದಂತೆ ಅದೂ ಜೊತೆಗೆ ಬರಲಿ. ರಾಜ್ಯವನ್ನೇ ಬಿಟ್ಟು ಹೋಗುವಾಗ ಉಳಿದ ವರ್ಷಗಳ ಬೆಲೆ ಕಟ್ಟಿ ಸಂಘವೇ ಹಿಂದಕ್ಕೆ ಕೊಳ್ಳಲಿ. ಹೀಗಿದ್ದರೆ ಒಂದು ಕಿಲೋವ್ಯಾಟ್ ಪಾಲನ್ನು ನಾಳೆಯೇ ಕೊಳ್ಳಲು ನಾನು ಸಿದ್ಧ. ನಮ್ಮ ಕಟ್ಟಡದ ಕಾವಲುಗಾರನೂ ಸಿದ್ಧನಿದ್ದಾನೆ, ಕಂತಿನಲ್ಲಿ ಕೊಡುವುದಾದರೆ. ತಾರಸಿಯ ಬೀಗದ ಕೈ ಇರುವುದು ಅವನ ಬಳಿಯೇ.